ಕೋರ್ಟ್‌ನಲ್ಲಿ ಆಟಗಾರ ಒಬ್ಬನೇ ಇರಲಿ

ಮಾನ್ಯ ಸಂಪಾದಕರೇ,

ಟೆನಿಸ್ ಪಂದ್ಯ ನಡೆಯುತ್ತಿರುವಾಗಲೇ ಕೋಚ್ ತನ್ನ ಆಟಗಾರನಿಗೆ ಸಲಹೆ ಕೊಡಬಹುದು ಅನ್ನೋ ನಿಯಮವನ್ನು ಹೊಗಳಿ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನ ಓದಿದೆ. ಟೆನಿಸ್ ಕೊನೆಗೂ ಕಾಲಕ್ಕೆ ತಕ್ಕ ಹಾಗೆ ಬದಲಾಗಿದೆ, ಬಾಕಿ ಆಟಗಳಲ್ಲಿ ಇರೋದು ಇಲ್ಲೂ ಬಂದಿದೆ, ಇದರಲ್ಲಿ ತಪ್ಪೇನಿಲ್ಲ ಅನ್ನೋದು ಲೇಖನದ ಧಾಟಿ. ನನಗೆ ಇದು ಒಪ್ಪಿಗೆ ಇಲ್ಲ. ಯಾಕೆ ಇಲ್ಲ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಜಾಗ ಇದ್ದಷ್ಟು ಹಾಕಿ.

ಇದು ಮೆಲ್ಬರ್ನ್, ನ್ಯೂಯಾರ್ಕ್‌ನವರ ವಿಷಯ, ನಮಗ್ಯಾಕೆ ಅಂತ ಕೆಲವರು ಕೇಳಬಹುದು. ಬೆಂಗಳೂರಿನಲ್ಲಿ ಬೆಳಗಿನ ಜಾವ ಎದ್ದು ಮಕ್ಕಳನ್ನು ಟೆನಿಸ್ ಕ್ಲಾಸಿಗೆ ಬಿಟ್ಟು, ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತು, ಆಮೇಲೆ ಸ್ಕೂಲಿಗೆ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರು ಎಷ್ಟು ಜನ ಇದ್ದಾರೆ ಗೊತ್ತಾ? ನಾನೂ ಅವರಲ್ಲಿ ಒಬ್ಬ. ಮೇಲೆ ಆಗಿದ್ದು ಇವತ್ತಲ್ಲ ನಾಳೆ ಈ ಮಕ್ಕಳ ಕೋರ್ಟಿಗೂ ಇಳಿಯುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಯಮ ಏನು ಅಂತ ನೋಡೋಣ, ಯಾಕಂದ್ರೆ ಲೇಖನದಲ್ಲಿ ಅದು ಸರಿಯಾಗಿ ಬಂದಿರಲಿಲ್ಲ. ಮೊದಲಿಂದಲೂ ಟೆನಿಸ್ ಸಿಂಗಲ್ಸ್‌ನಲ್ಲಿ ಪಂದ್ಯ ಶುರುವಾದ ಮೇಲೆ ಕೋಚ್ ಸುಮ್ಮನೆ ಕೂತು ನೋಡಬೇಕಿತ್ತು. ಮಾತಾಡುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಮಹಿಳೆಯರ ಡಬ್ಲ್ಯುಟಿಎ ಟೂರ್ನಿಗಳಲ್ಲಿ ಮಾತ್ರ 2009ರ ಹೊತ್ತಿಗೆ ಒಂದು ಸೆಟ್‌ಗೆ ಒಂದು ಸಲ ಕೋಚ್‌ನನ್ನು ಕೋರ್ಟಿಗೆ ಕರೆಸಿಕೊಳ್ಳಬಹುದು ಅಂತ ಬಂತು, ಆದರೆ ಗ್ರ್ಯಾನ್‌ಸ್ಲಾಮ್‌ಗಳು, ಅಂದ್ರೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳು, ಅದನ್ನು ಒಪ್ಪಲಿಲ್ಲ. 2022ರ ಜುಲೈನಿಂದ ಪುರುಷರ ಎಟಿಪಿ ಟೂರ್‌ನಲ್ಲೂ ಗ್ಯಾಲರಿಯಲ್ಲಿ ಕೂತೇ ಸಲಹೆ ಕೊಡಬಹುದು ಅಂತ ಪ್ರಯೋಗ ಶುರುವಾಯಿತು. ಆ ವರ್ಷದ ಯುಎಸ್ ಓಪನ್‌ಗೂ ಬಂತು. ಕೊನೆಗೆ 2025ರ ಜನವರಿ 1ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಇದನ್ನು ನಿಯಮ ಪುಸ್ತಕಕ್ಕೇ ಸೇರಿಸಿತು. ಪಾಯಿಂಟ್ ನಡೆಯುವಾಗ ಮಾತಾಡುವ ಹಾಗಿಲ್ಲ, ಒಂದು ಪಾಯಿಂಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಚುಟುಕಾಗಿ ಹೇಳಬಹುದು. ಒಂದು ಮುಖ್ಯ ಮಾತು: ಬಿಡಬೇಕೋ ಬೇಡವೋ ಅನ್ನೋದನ್ನು ಟೂರ್ನಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳಿಗೇ ಬಿಟ್ಟಿದ್ದಾರೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತೆ.

ಇದರ ಪರವಾಗಿ ಎಲ್ಲರೂ ಹೇಳೋ ಮೊದಲ ಮಾತು, ಕದ್ದುಮುಚ್ಚಿ ಹೇಗೂ ನಡೀತಾನೇ ಇತ್ತು, ಈಗ ರಾಜಾರೋಷವಾಗಿ ನಡೆಯಲಿ ಬಿಡಿ ಅನ್ನೋದು. 2018ರ ಯುಎಸ್ ಓಪನ್ ಫೈನಲ್ ನೆನಪಿದೆಯಲ್ವಾ? ಸೆರೆನಾ ವಿಲಿಯಮ್ಸ್ ಮತ್ತು ನವೊಮಿ ಒಸಾಕಾ. ಸೆರೆನಾ ಅವರ ಕೋಚ್ ಪ್ಯಾಟ್ರಿಕ್ ಮುರಾಟೊಗ್ಲು ಗ್ಯಾಲರಿಯಿಂದ ಕೈಸನ್ನೆ ಮಾಡಿದ್ದನ್ನು ಕಂಡು ಅಂಪೈರ್ ಕಾರ್ಲೋಸ್ ರಾಮೋಸ್ ಎಚ್ಚರಿಕೆ ಕೊಟ್ಟರು. ಸೆರೆನಾ ತಾನು ಮೋಸ ಮಾಡುವವಳಲ್ಲ ಅಂತ ರೇಗಿದರು. ಆಮೇಲೆ ರಾಕೆಟ್ ಮುರಿದದ್ದಕ್ಕೆ ಒಂದು ಪಾಯಿಂಟ್ ಹೋಯಿತು, ಅಂಪೈರ್‌ಗೆ ಬೈದದ್ದಕ್ಕೆ ಒಂದು ಗೇಮೇ ಹೋಯಿತು. ಕೊನೆಗೆ ಒಟ್ಟು 17,000 ಡಾಲರ್ ದಂಡ. ಒಸಾಕಾ 6-2, 6-4ರಲ್ಲಿ ಗೆದ್ದರು, ಮೊದಲ ಗ್ರ್ಯಾನ್‌ಸ್ಲಾಮ್ ಗೆದ್ದ ಹುಡುಗಿ ಬಹುಮಾನ ತಗೊಳ್ಳುವಾಗ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಮ್ಯಾಚ್ ಮುಗಿದ ತಕ್ಷಣ ಮುರಾಟೊಗ್ಲು ಟಿವಿಯಲ್ಲಿ, ಹೌದು ನಾನು ಕೋಚಿಂಗ್ ಮಾಡಿದೆ, ಎಲ್ಲರೂ ಮಾಡ್ತಾರೆ ಅಂತ ಒಪ್ಪಿಕೊಂಡರು.

ನನಗೆ ಆವತ್ತು ಸಿಟ್ಟು ಬಂದದ್ದು ಇದಕ್ಕೇ. ಸನ್ನೆ ಮಾಡಿದವರು ಕೋಚ್. ಶಿಕ್ಷೆ ಬಿದ್ದದ್ದು ಆಟಗಾರ್ತಿಗೆ. ಆ ಸನ್ನೆ ಸೆರೆನಾ ನೋಡಿದರೋ ಇಲ್ಲವೋ ಅವರಿಗೇ ಗೊತ್ತು. ಆದರೆ ಕೋಚ್‌ಗೇ ದಂಡ ಹಾಕುವ, ಕೋಚ್‌ನನ್ನೇ ಸ್ಟೇಡಿಯಂನಿಂದ ಆಚೆ ಕಳಿಸುವ, ಮುಂದಿನ ಟೂರ್ನಿಗೆ ಬರಬೇಡ ಅನ್ನುವ ಕೆಲಸ ಬಿಗಿಯಾಗಿ ನಡೆದಿದ್ದರೆ ಎಷ್ಟು ಜನ ಕೋಚ್‌ಗಳು ಕೈ ಆಡಿಸುತ್ತಿದ್ದರು? ಆ ದಾರಿಯನ್ನು ಸರಿಯಾಗಿ ಯಾರೂ ಹಿಡಿಯಲೇ ಇಲ್ಲ. ಕದ್ದು ಹೇಳಿಕೊಡೋರನ್ನು ಹಿಡಿಯೋದು ಕಷ್ಟ ಅಂತ ನಿಯಮವನ್ನೇ ತೆಗೆದುಹಾಕಿದರು. ನಮ್ಮೂರಿನ ಒನ್‌ವೇ ರಸ್ತೆಗಳಲ್ಲಿ ದಿನಾ ಎಷ್ಟು ಬೈಕ್‌ಗಳು ಎದುರಿಂದ ನುಗ್ಗುತ್ತವೆ? ಎಲ್ಲರೂ ನುಗ್ಗುತ್ತಾರೆ ಅಂತ ಒನ್‌ವೇ ಬೋರ್ಡನ್ನೇ ಕಿತ್ತು ಹಾಕಿದರೆ, ಇಷ್ಟು ದಿನ ಸುತ್ತು ಹಾಕಿಕೊಂಡು ಬಂದವನಿಗೆ ಏನು ಉತ್ತರ ಕೊಡ್ತೀರಿ?

ಹಿಡಿಯೋದು ಕಷ್ಟ ಅನ್ನೋದು ನಿಜ, ಅದನ್ನು ನಾನು ಅಲ್ಲಗಳೆಯಲ್ಲ. 2022ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ಗ್ರೀಸ್‌ನ ಆಟಗಾರ ಸಿಟ್ಸಿಪಾಸ್ ಅವರ ಅಪ್ಪ ಗ್ಯಾಲರಿಯಲ್ಲಿ ಕೂತು ಗ್ರೀಕ್ ಭಾಷೆಯಲ್ಲಿ ಏನೇನೋ ಹೇಳುತ್ತಲೇ ಇದ್ದರು. ಎದುರಾಳಿ ಮೆಡ್ವೆಡೆವ್ ಅಂಪೈರ್ ಕುರ್ಚಿ ಕೆಳಗೆ ನಿಂತು ಗಂಟಲು ಹರಿಯುವ ಹಾಗೆ ಕೂಗಾಡಿದರು. ಕೊನೆಗೆ ಗ್ರೀಕ್ ಗೊತ್ತಿರುವ ಅಂಪೈರ್ ಇವಾ ಅಸ್ಡೆರಾಕಿ ಅವರನ್ನು ಆ ಗ್ಯಾಲರಿ ಕೆಳಗೆ ಮರೆಯಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳಬೇಕಾಯಿತು, ಸಿಟ್ಸಿಪಾಸ್‌ಗೆ ಎಚ್ಚರಿಕೆಯೂ ಬಿತ್ತು. ಪ್ರತಿ ಪಂದ್ಯಕ್ಕೂ ಪ್ರತಿ ಭಾಷೆಯವರನ್ನು ಎಲ್ಲಿಂದ ತರೋದು ಅಂತ ಕೇಳಿದರೆ ಅದೂ ಸರಿಯೇ. ಆದರೆ ನೋಡಿ, ಮನಸ್ಸು ಮಾಡಿದಾಗ ಹಿಡಿದರು. ಸೆಮಿಫೈನಲ್, ಫೈನಲ್ ಅಂದ್ರೆ ಎಷ್ಟು ಪಂದ್ಯ ಇರುತ್ತೆ? ಕೋಚ್ ಕೂರುವ ಜಾಗವನ್ನೇ ಕೋರ್ಟಿಂದ ದೂರ ಮೇಲಕ್ಕೆ ಹಾಕಬಹುದಿತ್ತು. ಆದರೆ ಆಗಿದ್ದು ಉಲ್ಟಾ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಕೋಚ್‌ಗಳಿಗೆ ಕೋರ್ಟಿನ ಮೂಲೆಯಲ್ಲೇ, ಆಟಗಾರನಿಗೆ ಕೈಗೆಟುಕುವಷ್ಟು ಹತ್ತಿರ, ಪ್ರತ್ಯೇಕ ಜಾಗ ಮಾಡಿಕೊಟ್ಟರು. ಪಂದ್ಯದ ಅಂಕಿಅಂಶ ತೋರಿಸೋ ಸ್ಕ್ರೀನ್ ಬೇರೆ. ಎದುರಾಳಿ ಎರಡನೇ ಸರ್ವ್ ಎಷ್ಟು ಸಲ ಬ್ಯಾಕ್‌ಹ್ಯಾಂಡ್‌ಗೆ ಹಾಕಿದ ಅನ್ನೋದನ್ನು ಆಟಗಾರ ಆಡುತ್ತಾ ಆಡುತ್ತಾ ಗಮನಿಸಬೇಕಾಗಿತ್ತು. ಈಗ ಅದನ್ನು ಯಂತ್ರ ಎಣಿಸುತ್ತೆ, ಕೋಚ್ ಓದುತ್ತಾನೆ, ಆಟಗಾರ ಕೇಳಿಸಿಕೊಳ್ಳುತ್ತಾನೆ.

ನಾನು ಬೆಂಗಳೂರಿನಲ್ಲೇ ಕಣ್ಣಾರೆ ಕಂಡ ಒಂದು ಪಂದ್ಯದ ಬಗ್ಗೆ ಹೇಳಬೇಕು. ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಂನಲ್ಲಿ ಚಾಲೆಂಜರ್ ಟೂರ್ನಿ, ಅಂದ್ರೆ ಎಟಿಪಿ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು, ನಡೆದಾಗ ನಾನು ಮುಖ್ಯ ಕೋರ್ಟಿಗಿಂತ ಪಕ್ಕದ ಕೋರ್ಟ್‌ಗಳ ಹತ್ತಿರವೇ ಜಾಸ್ತಿ ಇರುತ್ತೇನೆ. ಅಲ್ಲಿ ಬೇಲಿ ಪಕ್ಕ ನಿಂತರೆ ಆಟಗಾರನ ಉಸಿರು ಕೇಳಿಸುತ್ತೆ. ಒಂದು ಕಡೆ ನಮ್ಮ ಹುಡುಗ. ಅವನ ಜೊತೆ ಯಾರೂ ಇಲ್ಲ, ಕಿಟ್ ಬ್ಯಾಗ್ ಅವನೇ ಹೊತ್ತುಕೊಂಡು ಬಂದ. ಇನ್ನೊಂದು ಕಡೆ ಯುರೋಪಿನವನು, ಅವನ ಹಿಂದೆ ಮೂಲೆಯಲ್ಲಿ ಟೋಪಿ ಹಾಕಿಕೊಂಡ ಕೋಚ್. ಮೊದಲ ಸೆಟ್ ಅವನಿಗೆ, ಎರಡನೆಯದು ನಮ್ಮ ಹುಡುಗನಿಗೆ. ಮೂರನೇ ಸೆಟ್‌ನಲ್ಲಿ ನಮ್ಮ ಹುಡುಗ ಒಂದು ವಿಷಯ ಕಂಡುಹಿಡಿದ. ಅಲ್ಲಿಯವರೆಗೂ ಅವನು ಸರ್ವನ್ನು ಹೊರಗೆ, ಬ್ಯಾಕ್‌ಹ್ಯಾಂಡ್ ಕಡೆಗೇ ಹಾಕ್ತಾ ಇದ್ದ. ಇದ್ದಕ್ಕಿದ್ದ ಹಾಗೆ ನೇರವಾಗಿ ಮೈಮೇಲೆ, ಬಲ ಸೊಂಟದ ಹತ್ತಿರಕ್ಕೆ ಹಾಕತೊಡಗಿದ. ಯುರೋಪಿನವನು ಎತ್ತರದ ಆಳು, ಕೈ ಬಿಡಿಸಿಕೊಳ್ಳಲು ಜಾಗ ಸಾಲದೆ ಚೆಂಡನ್ನು ನೆಟ್‌ಗೆ ಹೊಡೆದ. ಮುಂದಿನ ಸಲವೂ ಹಾಗೇ. ನನ್ನ ಪಕ್ಕ ನಿಂತಿದ್ದ ಒಬ್ಬರು ಮಾರ್ಕರ್, ಅಂದ್ರೆ ಕ್ಲಬ್‌ನಲ್ಲಿ ಮೆಂಬರ್‌ಗಳ ಜೊತೆ ಆಡಿಸೋರು, 'ಹಿಡಿದುಬಿಟ್ಟ ನೋಡಿ ಸಾರ್' ಅಂದರು.

ಆಗ ಮೂಲೆಯಲ್ಲಿದ್ದ ಕೋಚ್ ಎರಡೇ ಮಾತು ಹೇಳಿದ, ಅಂಗೈಯನ್ನು ಹಿಂದಕ್ಕೆ ತಳ್ಳುವ ಹಾಗೆ ತೋರಿಸಿದ. ಅಷ್ಟೇ. ಮುಂದಿನ ಸರ್ವ್‌ಗೆ ಆ ಆಟಗಾರ ಬೇಸ್‌ಲೈನ್‌ನಿಂದ ಒಂದು ದೊಡ್ಡ ಹೆಜ್ಜೆ ಹಿಂದೆ ನಿಂತ. ಅದೇ ಸರ್ವ್ ಬಂತು, ಈ ಸಲ ಜಾಗ ಸಿಕ್ಕಿತು, ಚೆಂಡು ನಮ್ಮ ಹುಡುಗನ ಕಾಲ ಬುಡಕ್ಕೆ ವಾಪಸ್ ಬಂತು. ಅಲ್ಲಿಂದ ಆ ದಾರಿ ಮುಚ್ಚಿಹೋಯಿತು. ಹುಡುಗ ಸೋತ. ಕೋಚ್ ಇಲ್ಲದಿದ್ದರೂ ಸೋಲ್ತಿದ್ದನೋ ಏನೋ, ಅದು ಯಾರಿಗೂ ಗೊತ್ತಿಲ್ಲ. ಆದರೆ ಎರಡು ಗಂಟೆ ಬಿಸಿಲಲ್ಲಿ ಆಡಿ ತನ್ನ ತಲೆಯಿಂದಲೇ ಒಂದು ಉಪಾಯ ಕಂಡುಕೊಂಡವನ ಮುಂದೆ, ಅದನ್ನು ಎದುರಾಳಿಯೇ ಬಿಡಿಸಬೇಕಿತ್ತು. ಅದು ಅವನ ಕೆಲಸ. ನೆರಳಲ್ಲಿ ಕೂತ ಮೂರನೆಯವನು ಬಿಡಿಸಿಕೊಟ್ಟ. ನಿಯಮದ ಪ್ರಕಾರವೇ ನಡೆಯಿತು, ಯಾರೂ ತಪ್ಪು ಮಾಡಲಿಲ್ಲ. ನನ್ನ ತಕರಾರು ಆ ನಿಯಮದ ಮೇಲೇ.

ಇಲ್ಲಿಗೆ ಹಣದ ಮಾತು ಬರುತ್ತೆ. ಕೋಚ್ ಅಂದ್ರೆ ಸುಮ್ನೆ ಬರಲ್ಲ. ವಿಮಾನದ ಟಿಕೆಟ್ ಎರಡು, ಹೋಟೆಲ್ ರೂಮು ಎರಡು, ಊಟ ತಿಂಡಿ ಇಬ್ಬರದ್ದು, ಮೇಲೆ ವಾರದ ಸಂಬಳ, ಗೆದ್ದ ಹಣದಲ್ಲಿ ಪಾಲು. ಸುಮಿತ್ ನಗಾಲ್ 2023ರ ಸೆಪ್ಟೆಂಬರ್‌ನಲ್ಲಿ ಭಾರತದ ನಂಬರ್ ಒನ್ ಸಿಂಗಲ್ಸ್ ಆಟಗಾರನಾಗಿದ್ದಾಗಲೇ ತನ್ನ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೋ ಅಂತ ಹೇಳಿಕೊಂಡಿದ್ದರು, ನಮ್ಮ ಲೆಕ್ಕದಲ್ಲಿ ಸುಮಾರು 80,000 ರೂಪಾಯಿ. ಇದೇ ನಗಾಲ್ 2017ರಲ್ಲಿ ನಮ್ಮ ಬೆಂಗಳೂರು ಚಾಲೆಂಜರ್ ಗೆದ್ದವರು. ಮುಂದೆ 2024ರ ಜನವರಿಯಲ್ಲಿ ಅರ್ಹತಾ ಸುತ್ತು ಆಡಿ, ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೇ ಶ್ರೇಯಾಂಕದ ಬುಬ್ಲಿಕ್ ಅವರನ್ನು ಸೋಲಿಸಿದರು. 1989ರಲ್ಲಿ ರಮೇಶ್ ಕೃಷ್ಣನ್ ಅವರು ವಿಲಾಂಡರ್ ಅವರನ್ನು ಸೋಲಿಸಿದ ಮೇಲೆ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕದ ಆಟಗಾರನನ್ನು ಸೋಲಿಸಿದ ಮೊದಲ ಭಾರತೀಯ ಪುರುಷ ಆಟಗಾರ. ದೇಶದ ಮೊದಲ ಆಟಗಾರನ ಕಥೆ ಹೀಗಿರುವಾಗ ಹತ್ತನೆಯವನು, ಇಪ್ಪತ್ತನೆಯವನು ಏನು ಮಾಡಬೇಕು? ಟಾಪ್ ಹತ್ತರಲ್ಲಿ ಇರುವವರ ಹಿಂದೆ ಕೋಚ್, ಇನ್ನೊಬ್ಬ ಕೋಚ್, ಫಿಸಿಯೋ, ಅಂಕಿಅಂಶ ನೋಡೋರು ಅಂತ ಒಂದು ದಂಡೇ ಇರುತ್ತೆ. ಪ್ರ್ಯಾಕ್ಟೀಸ್‌ನಲ್ಲಿ ಆ ಅನುಕೂಲ ಅವರಿಗೆ ಮೊದಲೇ ಇತ್ತು, ಅದನ್ನು ಯಾರೂ ತಪ್ಪಿಸೋಕೆ ಆಗಲ್ಲ. ಪಂದ್ಯ ಶುರುವಾದ ಮೇಲಾದರೂ ಇಬ್ಬರೂ ಒಂದೇ ಆಗ್ತಿದ್ದರು. ಬಡವನಿಗೂ ಸಾಹುಕಾರನಿಗೂ ಒಂದೊಂದೇ ಕುರ್ಚಿ, ಒಂದೊಂದೇ ಟವೆಲ್. ಆ ಒಂದೆರಡು ಗಂಟೆಯನ್ನೂ ಈಗ ಕಿತ್ತುಕೊಂಡರು.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ರೋಜರ್ ಫೆಡರರ್ ಬೇಕಾದರೆ ಎಷ್ಟು ಕೋಚ್‌ಗಳನ್ನಾದರೂ ಇಟ್ಟುಕೊಳ್ಳಬಹುದಿತ್ತು. ಅವರೇ ಇದನ್ನು ವಿರೋಧಿಸಿದ್ದರು, ಎಲ್ಲರ ಹತ್ತಿರ ಕೋಚ್‌ಗೆ ಖರ್ಚು ಮಾಡುವಷ್ಟು ಅನುಕೂಲ ಇರಲ್ಲ ಅನ್ನೋದೂ ಅವರು ಕೊಟ್ಟ ಕಾರಣಗಳಲ್ಲಿ ಒಂದು. ಕೋರ್ಟಿನಲ್ಲಿ ಜಗಳಗಂಟ ಅಂತ ಹೆಸರು ಮಾಡಿದ ನಿಕ್ ಕಿರಿಯಸ್ ಕೂಡ 2022ರಲ್ಲಿ, ಆಟಗಾರ ತಾನೇ ದಾರಿ ಹುಡುಕಿಕೊಳ್ಳಬೇಕು ಅನ್ನೋದು ಈ ಆಟದ ವಿಶೇಷವಾಗಿತ್ತು, ಅದನ್ನೇ ಕಳೆದುಕೊಂಡೆವು ಅನ್ನೋ ಅರ್ಥದಲ್ಲಿ ಬರೆದುಕೊಂಡಿದ್ದರು. ಸ್ವಭಾವದಲ್ಲಿ ಉತ್ತರ ದಕ್ಷಿಣ ಆದ ಇಬ್ಬರು ಒಂದೇ ಮಾತಿಗೆ ಬಂದಿದ್ದಾರೆ ಅಂದ್ರೆ ಅದರಲ್ಲಿ ಹುರುಳಿದೆ.

ತಾನೇ ದಾರಿ ಹುಡುಕೋದು ಅಂದ್ರೆ ಏನು ಅಂತ ನೋಡಬೇಕಾದರೆ 1975ರ ವಿಂಬಲ್ಡನ್ ಫೈನಲ್‌ಗೆ ಹೋಗಬೇಕು. ಜಿಮ್ಮಿ ಕಾನರ್ಸ್‌ನನ್ನು ಆಗ ಸೋಲಿಸೋರೇ ಇಲ್ಲ ಅಂತಿದ್ದರು. ಆರ್ಥರ್ ಆಶ್ ತನ್ನ ಸಹಜ ಆಟವನ್ನೇ ಬಿಟ್ಟರು. ಜೋರಾಗಿ ಹೊಡೆಯೋದು ನಿಲ್ಲಿಸಿ ಚೆಂಡನ್ನು ನಿಧಾನವಾಗಿ, ತಗ್ಗಾಗಿ ಕೊಟ್ಟರು, ಯಾಕಂದ್ರೆ ಕಾನರ್ಸ್‌ಗೆ ಎದುರಾಳಿಯ ವೇಗವೇ ಬಂಡವಾಳ. ಉಪಾಯವನ್ನು ಮುಂಚೆಯೇ ಗೆಳೆಯರ ಜೊತೆ ಕೂತು ಮಾತಾಡಿದ್ದರು, ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಅದು ಸರಿಯೇ, ಪರೀಕ್ಷೆಗೆ ಮುಂಚೆ ಓದೋದು ಎಲ್ಲರ ಹಕ್ಕು. ಮೊದಲ ಎರಡು ಸೆಟ್ 6-1, 6-1. ಮೂರನೆಯದು ಸೋತರು. ನಾಲ್ಕನೆಯದರಲ್ಲಿ 0-3 ಹಿಂದೆ ಬಿದ್ದರು. ಆ ಹೊತ್ತಿಗೆ ಉಪಾಯ ಬದಲಿಸಬೇಕಾ, ಹಾಗೇ ಮುಂದುವರಿಸಬೇಕಾ? ಕೇಳೋಕೆ ಯಾರೂ ಇಲ್ಲ. ಅಂಗಣ ಬದಲಿಸುವಾಗ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಉಪಾಯ ಬಿಡಲಿಲ್ಲ, 6-4ರಲ್ಲಿ ಸೆಟ್ ಗೆದ್ದರು, ವಿಂಬಲ್ಡನ್ ಗೆದ್ದರು. ಆ 0-3ರಲ್ಲಿ ಗ್ಯಾಲರಿಯಿಂದ ಯಾರಾದರೂ 'ಬಿಡಬೇಡ, ಹೀಗೇ ಆಡು' ಅಂತ ಕೂಗಿದ್ದರೆ ಗೆಲುವು ಅದೇ ಇರುತ್ತಿತ್ತೇನೋ, ಆದರೆ ನಿರ್ಧಾರ ಆಶ್ ಅವರದ್ದಾಗಿರುತ್ತಿರಲಿಲ್ಲ. ನಾನು ಟೆನಿಸ್ ನೋಡೋದು ಆ ನಿರ್ಧಾರಕ್ಕೆ. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದ ಸರ್ವ್ ಎಲ್ಲರೂ ಹಾಕ್ತಾರೆ ಈಗ.

ಇವತ್ತು ಪಂದ್ಯ ನೋಡಿ. ಪಾಯಿಂಟ್ ಪಾಯಿಂಟ್ ನಡುವೆ 25 ಸೆಕೆಂಡ್ ಇರುತ್ತೆ. ಮುಂಚೆ ಆಟಗಾರ ರಾಕೆಟ್‌ನ ಗಟ್ ಸರಿಮಾಡಿಕೊಳ್ಳುತ್ತಾ, ನೆಲ ನೋಡುತ್ತಾ, ತನ್ನಷ್ಟಕ್ಕೆ ಏನೋ ಗೊಣಗುತ್ತಾ ಇರುತ್ತಿದ್ದ. ಈಗ ಪಾಯಿಂಟ್ ಮುಗಿದ ತಕ್ಷಣ ಕಣ್ಣು ನೇರ ಕೋಚ್ ಕಡೆಗೆ. ಗೆದ್ದರೂ ಕಣ್ಣು ಅಲ್ಲಿಗೆ, ಸೋತರೂ ಅಲ್ಲಿಗೆ. ತಪ್ಪು ಹೊಡೆದರೆ ಕೋಚ್ ಮೇಲೇ ರೇಗಾಡುತ್ತಾರೆ, ಕೈ ಬೀಸಿ ಬೈಯುತ್ತಾರೆ. ತಾನು ಹೊಡೆದ ಹೊಡೆತಕ್ಕೆ ತಾನೇ ಹೊಣೆ ಅನ್ನೋದು ಸಡಿಲ ಆಗ್ತಾ ಇದೆ.

ಲೇಖನದಲ್ಲಿ ಬ್ಯಾಡ್ಮಿಂಟನ್ ಉದಾಹರಣೆ ಕೊಟ್ಟಿದ್ದರು. ಹೌದು, ಬ್ಯಾಡ್ಮಿಂಟನ್‌ನಲ್ಲಿ ಕೋಚ್ ಕೋರ್ಟಿನ ಹಿಂದೆಯೇ ಕೂರುತ್ತಾರೆ, ಶಟಲ್ ಆಟದಲ್ಲಿ ಇಲ್ಲದಾಗ ಮಾತಾಡಬಹುದು, 11 ಅಂಕಕ್ಕೆ ಬಿಡುವು ಬಂದಾಗ ಹತ್ತಿರ ಬಂದು ಹೇಳಬಹುದು. ಆ ಆಟ ಆ ಕುರ್ಚಿಯ ಜೊತೆಗೇ ಬೆಳೆದಿದೆ, ನಾನು ಅದಕ್ಕೆ ಏನೂ ಅನ್ನಲ್ಲ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಪಳಗಿದ ಲಕ್ಷ್ಯ ಸೇನ್ ಸೆಮಿಫೈನಲ್‌ನಲ್ಲಿ ವಿಕ್ಟರ್ ಅಕ್ಸೆಲ್‌ಸೆನ್ ಎದುರು ಆಡುವಾಗ ಹಿಂದೆ ಕೂತಿದ್ದವರು ನಮ್ಮ ಪ್ರಕಾಶ್ ಪಡುಕೋಣೆ. ಅವರಿಗಿಂತ ದೊಡ್ಡ ತಲೆ ಬೇಕಾ? ಮೊದಲ ಗೇಮ್‌ನಲ್ಲಿ ಲಕ್ಷ್ಯ 20-17ರಲ್ಲಿ ಮುಂದಿದ್ದರು, ಸೋತರು. ಎರಡನೆಯದರಲ್ಲಿ 7-0 ಮುಂದಿದ್ದರು, ಅದನ್ನೂ ಸೋತರು. ಕಂಚಿನ ಪದಕದ ಪಂದ್ಯದಲ್ಲೂ ಮೊದಲ ಗೇಮ್ ಗೆದ್ದು ಆಮೇಲೆ ಕೈಚೆಲ್ಲಿದರು. ಆಟಗಾರರೂ ಜವಾಬ್ದಾರಿ ತಗೋಬೇಕು ಅಂತ ಪ್ರಕಾಶ್ ಅವರೇ ಆಮೇಲೆ ನೇರವಾಗಿ ಹೇಳಿದರು. 20-17ರಲ್ಲಿ ಇರುವಾಗ ಬೇಕಾಗೋ ಆ ಗಟ್ಟಿತನವನ್ನು ಹಿಂದೆ ಕೂತವರು ಕೊಡೋಕೆ ಆಗಲ್ಲ. ಅದು ಒಬ್ಬನೇ ಇದ್ದು ಕಷ್ಟಪಟ್ಟು ಬಂದವನಿಗೆ ಬರುವಂಥದ್ದು. ಅದನ್ನು ಕಲಿಸುವ ಆಟ ಒಂದಾದರೂ ಉಳಿಯಲಿ ಅನ್ನೋದು ನನ್ನ ಆಸೆ.

ಕ್ರಿಕೆಟ್ ಕೂಡ ಒಂದು ಗೆರೆ ಹಾಕಿಕೊಂಡಿದೆ. ಡ್ರಿಂಕ್ಸ್ ಹೊತ್ತಲ್ಲಿ ಹನ್ನೆರಡನೆಯವನ ಕೈಲಿ ಸುದ್ದಿ ಕಳಿಸೋದು ನಡೆಯುತ್ತೆ, ಐಪಿಎಲ್‌ನಲ್ಲಂತೂ ಟೈಮ್‌ಔಟ್‌ಗೆ ಕೋಚ್ ಮೈದಾನಕ್ಕೇ ಬರ್ತಾರೆ. ಆದರೂ 1999ರ ವಿಶ್ವಕಪ್‌ನಲ್ಲಿ ಭಾರತದ ಎದುರು ದಕ್ಷಿಣ ಆಫ್ರಿಕಾ ಕ್ಯಾಪ್ಟನ್ ಹ್ಯಾನ್ಸಿ ಕ್ರೋನಿಯೆ ಕಿವಿಯಲ್ಲಿ ಇಯರ್‌ಪೀಸ್ ಇಟ್ಟುಕೊಂಡು, ಕೋಚ್ ಬಾಬ್ ವೂಲ್ಮರ್ ಹೇಳಿದ್ದನ್ನು ಕೇಳುತ್ತಾ ಆಡಿಸಲು ಹೊರಟಾಗ ಅದನ್ನು ತೆಗೆಸಿದರು. ಇನ್ನು 2017ರ ಮಾರ್ಚ್‌ನಲ್ಲಿ, ಈ ಟೆನಿಸ್ ಸ್ಟೇಡಿಯಂನಿಂದ ನಡೆದು ಹೋಗುವಷ್ಟು ದೂರದ ಚಿನ್ನಸ್ವಾಮಿಯಲ್ಲಿ ನಡೆದದ್ದು ಬೆಂಗಳೂರಿನವರು ಮರೆಯಲ್ಲ. ಉಮೇಶ್ ಯಾದವ್ ಎಸೆತಕ್ಕೆ ಎಲ್‌ಬಿಡಬ್ಲ್ಯು ಆದ ಆಸ್ಟ್ರೇಲಿಯಾ ಕ್ಯಾಪ್ಟನ್ ಸ್ಟೀವ್ ಸ್ಮಿತ್, ರಿವ್ಯೂ ತಗೊಳ್ಳಲಾ ಅಂತ ಡ್ರೆಸ್ಸಿಂಗ್ ರೂಮಿನ ಕಡೆ ತಿರುಗಿ ನೋಡಿದರು. ಅಂಪೈರ್ ನೈಜೆಲ್ ಲಾಂಗ್ ಓಡಿ ಬಂದು ತಡೆದರು, ಕೊಹ್ಲಿ ಕೆಂಡವಾದರು, ಇಡೀ ಸ್ಟೇಡಿಯಂ ಎದ್ದು ನಿಂತಿತು. ಸ್ಮಿತ್ ಆ ಹೊತ್ತಿಗೆ ತಲೆ ಓಡಲಿಲ್ಲ ಅಂತ ಒಪ್ಪಿಕೊಂಡರು. ಒಂದು ರಿವ್ಯೂಗೆ ಆಚೆಯವರ ಸಲಹೆ ಕೇಳಿದ್ದಕ್ಕೆ ಅವತ್ತು ನಮಗೆ ಅಷ್ಟು ಕೋಪ ಬಂದಿತ್ತು. ಹನ್ನೊಂದು ಜನ ಆಡೋ ಆಟದಲ್ಲೇ ಮೈದಾನದಲ್ಲಿ ಇರೋರೇ ತೀರ್ಮಾನ ಮಾಡಬೇಕು ಅಂತ ಕೇಳೋರು ನಾವು. ಒಬ್ಬೊಬ್ಬರೇ ಆಡೋ ಆಟದಲ್ಲಿ ಪ್ರತಿ ಪಾಯಿಂಟ್‌ಗೂ ಆಚೆಯವರು ಹೇಳಿಕೊಡಲಿ ಅಂದ್ರೆ ಹೇಗೆ?

ಹಾಗಂತ ಟೆನಿಸ್‌ನಲ್ಲಿ ಎಲ್ಲೂ ಸಲಹೆ ಇರಬಾರದು ಅಂತ ನನ್ನ ವಾದ ಇಲ್ಲ. ಡೇವಿಸ್ ಕಪ್‌ನಲ್ಲಿ ಕ್ಯಾಪ್ಟನ್ ಕೋರ್ಟಿನಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಅಂಗಣ ಬದಲಿಸುವಾಗಲೆಲ್ಲ ಮಾತಾಡುತ್ತಾರೆ. 2014ರ ಸೆಪ್ಟೆಂಬರ್‌ನಲ್ಲಿ ಸರ್ಬಿಯಾ ಬೆಂಗಳೂರಿಗೆ ಬಂದಾಗ ಲಿಯಾಂಡರ್ ಪೇಸ್ ಮತ್ತು ನಮ್ಮ ಕೊಡಗಿನ ರೋಹನ್ ಬೋಪಣ್ಣ ಡಬಲ್ಸ್‌ನಲ್ಲಿ ಎರಡು ಸೆಟ್ ಹಿಂದೆ ಬಿದ್ದು, ಐದನೇ ಸೆಟ್ 8-6ರಲ್ಲಿ ಗೆದ್ದದ್ದನ್ನು ಗ್ಯಾಲರಿಯಲ್ಲಿ ಕೂತು ನೋಡಿದವನು ನಾನು. ಕ್ಯಾಪ್ಟನ್ ಆನಂದ್ ಅಮೃತರಾಜ್ ಪಕ್ಕದಲ್ಲೇ ಇದ್ದರು. ಗಂಟಲು ಕೂತುಹೋಗಿತ್ತು ನಮಗೆಲ್ಲ. ಕೊನೆಗೆ ಐದು ಪಂದ್ಯಗಳ ಆ ಮುಖಾಮುಖಿ 2-3ರಲ್ಲಿ ಕೈತಪ್ಪಿತು, ಆ ಶನಿವಾರ ಮಾತ್ರ ಮರೆಯೋಕೆ ಆಗಲ್ಲ. ಆದರೆ ಅದು ದೇಶದ ತಂಡ. ಆ ಕಡೆಗೂ ಒಬ್ಬ ಕ್ಯಾಪ್ಟನ್, ಈ ಕಡೆಗೂ ಒಬ್ಬ ಕ್ಯಾಪ್ಟನ್, ಖರ್ಚು ಆಟಗಾರನ ಜೇಬಿಂದ ಹೋಗಲ್ಲ. ಡಬಲ್ಸ್‌ನಲ್ಲಿ ಜೊತೆಗಾರನ ಹತ್ತಿರ ಮಾತಾಡೋದೇ ಆಟದ ಭಾಗ. ಬೋಪಣ್ಣ 43ನೇ ವಯಸ್ಸಿನಲ್ಲಿ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಪ್ರತಿ ಪಾಯಿಂಟ್‌ಗೂ ಇಬ್ಬರೂ ಬಾಯಿಗೆ ಚೆಂಡು ಅಡ್ಡ ಇಟ್ಟುಕೊಂಡು ಗುಸುಗುಸು ಮಾತಾಡುತ್ತಿದ್ದದ್ದು ನೋಡೋಕೇ ಚಂದ. ಸಿಂಗಲ್ಸ್ ಬೇರೆ.

ಇದೆಲ್ಲ ಟಿವಿಗಾಗಿ ಅನ್ನೋ ಅನುಮಾನವೂ ನನಗಿದೆ. ಡಬ್ಲ್ಯುಟಿಎ ಕೋಚ್‌ಗಳನ್ನು ಕೋರ್ಟಿಗೆ ಬಿಟ್ಟಾಗ ಅವರಿಗೆ ಮೈಕ್ ಹಾಕಿಸಿದ್ದರು, ಮನೆಯಲ್ಲಿ ಕೂತವರು ಕೇಳಲಿ ಅಂತ. ಸೋಲ್ತಾ ಇರುವ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿರೋದು, ಎದುರಿಗೆ ಒಬ್ಬ ಗಂಡಸು ಮಂಡಿಯೂರಿ ಪಾಠ ಹೇಳೋದು, ಅದನ್ನು ಕ್ಯಾಮೆರಾ ಹತ್ತಿರದಿಂದ ತೋರಿಸೋದು. ನನಗೆ ಒಂದು ದಿನವೂ ಅದು ಸರಿ ಕಾಣಲಿಲ್ಲ. ಕುತೂಹಲ ಇರುತ್ತೆ ನಿಜ. ನೋಡೋರ ಕುತೂಹಲಕ್ಕೆ ಆಟದ ಮೂಲ ಗುಣ ಬದಲಿಸೋದು ನನಗೆ ಒಪ್ಪಿಗೆ ಇಲ್ಲ.

ಈಗ ಮಕ್ಕಳ ವಿಷಯ. ನನ್ನ ಮಗಳು ಅಂಡರ್ 14 ಟೂರ್ನಿಗಳಲ್ಲಿ ಆಡುತ್ತಾಳೆ. ಆ ಮಟ್ಟದ ಮೊದಲ ಸುತ್ತುಗಳಲ್ಲಿ ಲೈನ್ ಅಂಪೈರ್ ಇರಲ್ಲ, ಮಕ್ಕಳೇ ಇನ್, ಔಟ್ ಹೇಳಬೇಕು, ಸ್ಕೋರ್ ತಾವೇ ಕೂಗಬೇಕು. ಹನ್ನೆರಡು ಹದಿಮೂರು ವಯಸ್ಸಿಗೆ ಅದು ಎಷ್ಟು ದೊಡ್ಡ ಪಾಠ ಅಂತ ನೋಡಿದವರಿಗೇ ಗೊತ್ತು. ಈ ವರ್ಷ ಒಂದು ಪಂದ್ಯದಲ್ಲಿ ಎದುರಾಳಿ ಹುಡುಗಿಯ ಅಪ್ಪ ಬೇಲಿ ಹಿಂದೆ ನಿಂತು, ಕೆಮ್ಮೋದು, ಟೋಪಿ ತೆಗೆದು ಹಾಕೋದು ಮಾಡ್ತಾನೇ ಇದ್ದರು. ಕೆಮ್ಮಿದಾಗಲೆಲ್ಲ ಆ ಮಗು ನೆಟ್‌ಗೆ ಓಡೋದು. ಪಾಪ, ಆ ಮಗು ಸರ್ವ್ ಹಾಕೋಕೆ ಮುಂಚೆಯೂ ಬೇಲಿ ಕಡೆ ನೋಡುತ್ತಿತ್ತು. ರೆಫರಿ ಎರಡು ಸಲ ಬಂದು ಹೇಳಿದರು, ಅವರು ಹೋದ ಮೇಲೆ ಮತ್ತೆ ಅದೇ. ನನ್ನ ಮಗಳು 1-4 ಹಿಂದೆ ಇದ್ದಳು. ಆಮೇಲೆ ಯಾರೂ ಹೇಳದೆ ಚೆಂಡನ್ನು ಎತ್ತರಕ್ಕೆ, ಆ ಹುಡುಗಿಯ ಬ್ಯಾಕ್‌ಹ್ಯಾಂಡ್ ಭುಜದ ಮೇಲಕ್ಕೆ ಎತ್ತಿ ಹಾಕತೊಡಗಿದಳು. ಅಲ್ಲಿ ಆ ಮಗುವಿಗೆ ಬಲ ಸಾಲುತ್ತಿರಲಿಲ್ಲ. 4-4ಕ್ಕೆ ಬಂತು. ಸೆಟ್ ಸೋತಳು, ಪಂದ್ಯವೂ ಹೋಯಿತು. ಆದರೆ ವಾಪಸ್ ಬರುವಾಗ ಕಾರಿನಲ್ಲಿ ಹೆಬ್ಬಾಳ ಫ್ಲೈಓವರ್ ಟ್ರಾಫಿಕ್‌ನಲ್ಲಿ ನಿಂತಷ್ಟು ಹೊತ್ತೂ ಅವಳ ಬಾಯಲ್ಲಿ ಒಂದೇ ಮಾತು. 'ಅಪ್ಪಾ, ಅವಳು ಮೇಲೆ ಬಂದ ಬಾಲ್‌ಗೆ ಹಿಂದೆ ಹೋಗ್ತಾಳೆ, ನಾನೇ ನೋಡ್ದೆ, ಮೊದಲೇ ನೋಡಿದ್ರೆ ಗೆಲ್ತಿದ್ದೆ.' ನಾನೇ ನೋಡ್ದೆ ಅಂತ ಎಷ್ಟು ಸಲ ಹೇಳಿದಳೋ.

ನಾಳೆ ಈ ಮಟ್ಟಕ್ಕೂ ಕೋಚಿಂಗ್ ಬಿಟ್ಟರೆ ಆ ಅಪ್ಪ ಕೆಮ್ಮಬೇಕಾಗಿಲ್ಲ, ಮೈಕ್ ಹಾಕಿದ ಹಾಗೆ ಕೂಗಬಹುದು. ಬೆಂಗಳೂರಿನ ಅಕಾಡೆಮಿಗಳಲ್ಲಿ ಒಂದು ಟೂರ್ನಿಗೆ ಕೋಚ್‌ನನ್ನು ಜೊತೆಗೆ ಕಳಿಸಿ ಅಂದರೆ ಅದಕ್ಕೆ ಬೇರೆ ಫೀಸು. ಕಟ್ಟೋಕೆ ಆದವರ ಮಗುವಿನ ಹಿಂದೆ ಒಬ್ಬರು, ಹಾಸನದಿಂದಲೋ ಬಳ್ಳಾರಿಯಿಂದಲೋ ರಾತ್ರಿ ಬಸ್ಸಲ್ಲಿ ಅಮ್ಮನ ಜೊತೆ ಬಂದ ಮಗುವಿನ ಹಿಂದೆ ಯಾರೂ ಇಲ್ಲ. ಆ ಅಮ್ಮನಿಗೆ ಟೆನಿಸ್ ಗೊತ್ತಿರಬೇಕು ಅಂತ ನಾವು ಹೇಳೋಕೆ ಆಗುತ್ತಾ?

ಅದಕ್ಕೇ ರಾಜ್ಯ ಟೆನಿಸ್ ಸಂಸ್ಥೆಗೂ ಅಖಿಲ ಭಾರತ ಟೆನಿಸ್ ಸಂಸ್ಥೆಗೂ ನಿಮ್ಮ ಪತ್ರಿಕೆ ಮೂಲಕ ಕೇಳೋದು ಇಷ್ಟು. ತೀರ್ಮಾನ ನಿಮ್ಮ ಕೈಯಲ್ಲೇ ಇದೆ. ಅಂಡರ್ 12ರಿಂದ ಅಂಡರ್ 18ರವರೆಗೆ ನಮ್ಮ ಟೂರ್ನಿಗಳಲ್ಲಿ ಇದನ್ನು ಬಿಡಬೇಡಿ. ಬೇಲಿ ಹಿಂದೆ ಸನ್ನೆ ಮಾಡೋ ಅಪ್ಪನನ್ನೋ ಕೋಚನ್ನೋ ಆಚೆ ಕಳಿಸಿ, ಮಗುವಿನ ಪಾಯಿಂಟ್ ಕಿತ್ತುಕೊಳ್ಳಬೇಡಿ. ದೊಡ್ಡ ಟೂರ್‌ಗಳಲ್ಲಿ ಈ ನಿಯಮ ಇನ್ನು ವಾಪಸ್ ಹೋಗುತ್ತೆ ಅನ್ನೋ ಭ್ರಮೆ ನನಗಿಲ್ಲ. ಹಾಗಾದರೆ ಕೊನೆಯ ಸೆಟ್ ಒಂದನ್ನಾದರೂ ಬಿಟ್ಟುಕೊಡಲಿ. ಒಂದೊಂದು ಸೆಟ್ ಸಮ ಆದ ಮೇಲೆ ಕೋಚ್ ಬಾಯಿ ಮುಚ್ಚಿ ಕೂರಬೇಕು ಅಂತ ಮಾಡಲಿ. ಅಷ್ಟು ಹೊತ್ತು ಕೇಳಿದ್ದು ಸಾಕು, ಇನ್ನು ನಿಮ್ಮಿಬ್ಬರಿಗೆ ಬಿಟ್ಟದ್ದು ಅಂತ ಅಂಪೈರ್ ಹೇಳಲಿ.

ನಿಮ್ಮ ವರದಿಗಾರರಿಗೂ ಒಂದು ವಿನಂತಿ. ಮುಂದಿನ ಬೆಂಗಳೂರು ಓಪನ್‌ಗೆ, ಅಂದ್ರೆ ನಮ್ಮ ಚಾಲೆಂಜರ್ ಟೂರ್ನಿಗೆ, ಬಂದಾಗ ಮುಖ್ಯ ಕೋರ್ಟಿನ ಫೈನಲ್ ಒಂದನ್ನೇ ಬರೆಯಬೇಡಿ. ಅರ್ಹತಾ ಸುತ್ತಿನ ದಿನ ಬೆಳಗ್ಗೆ ಬಂದು ಪಕ್ಕದ ಕೋರ್ಟ್‌ಗಳ ಹತ್ತಿರ ನಿಲ್ಲಿ. ಯಾರ ಹಿಂದೆ ಕೋಚ್ ಇದ್ದಾರೆ, ಯಾರು ಒಬ್ಬರೇ ಬಂದಿದ್ದಾರೆ ಅಂತ ನೋಡಿ. ಒಬ್ಬರೇ ಬಂದ ಹುಡುಗರನ್ನು ಈ ನಿಯಮದ ಬಗ್ಗೆ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಹಾಕಿ.

ಇಂತಿ,
ಒಬ್ಬ ಓದುಗ
ಸಹಕಾರ ನಗರ, ಬೆಂಗಳೂರು